ನಿದ್ದೆಯಲ್ಲಿ ಎದ್ದು ನಡೆಯುವ ಹುಡುಗ: ಹಾಸ್ಟೆಲ್‌ನಲ್ಲಿ ನೋಡಿಕೊಳ್ಳುವುದು ಹೇಗೆ?

ವಾರ್ಡನ್, ವಸತಿ ಶಾಲೆ:
ಏಳನೇ ತರಗತಿಯ ಹುಡುಗ, 12 ವರ್ಷ. ರಾತ್ರಿ 10ಕ್ಕೆ ಮಲಗಿದರೆ 11.30ರ ಸುಮಾರಿಗೆ ಎದ್ದು ಕೂರುತ್ತಾನೆ. ಕಣ್ಣು ಬಿಟ್ಟೇ ಇರುತ್ತದೆ. ಟ್ರಂಕು ತೆರೆದು ಬಟ್ಟೆಯನ್ನೆಲ್ಲ ಹೊರಗೆ ಹಾಕುತ್ತಾನೆ, ಒಮ್ಮೊಮ್ಮೆ ವರಾಂಡದ ತನಕ ನಡೆದು ಹೋಗುತ್ತಾನೆ. ಕರೆದರೆ ‘ಹ್ಞೂಂ’ ಅನ್ನುತ್ತಾನೆ, ಬೆಳಿಗ್ಗೆ ಏನೂ ನೆನಪಿರುವುದಿಲ್ಲ. ವಾರಕ್ಕೆ ಎರಡು ಸಲ ಹೀಗಾಗುತ್ತಿದೆ. ಮೊದಲ ಮಹಡಿಯ ಡಾರ್ಮಿಟರಿ, 20 ಮಕ್ಕಳು. ಕೆಲವರು ಹೆದರಿ ಅವನ ಪಕ್ಕ ಮಲಗಲು ಒಪ್ಪುತ್ತಿಲ್ಲ, ಇನ್ನು ಕೆಲವರು ಬರೀ ನಾಟಕ ಅನ್ನುತ್ತಾರೆ. ಹೊರಗಿನಿಂದ ಬೀಗ ಹಾಕಿಬಿಡೋಣ ಅನ್ನುವುದು ಕಾವಲುಗಾರರ ಸಲಹೆ. ಆ ಹೊತ್ತಿನಲ್ಲಿ ಏನು ಮಾಡಬೇಕು, ಉಳಿದ ಮಕ್ಕಳಿಗೆ ಏನು ಹೇಳಬೇಕು?

ನಿದ್ರಾ ಲ್ಯಾಬ್ ತಂತ್ರಜ್ಞ:
ನೀವು ಕೊಟ್ಟ ಸಮಯವೇ ಅರ್ಧ ಉತ್ತರ ಹೇಳುತ್ತದೆ. ಅತಿ ಗಾಢ ನಿದ್ದೆ ಬರುವುದು ರಾತ್ರಿಯ ಮೊದಲ ಮೂರನೇ ಒಂದು ಭಾಗದಲ್ಲಿ. ನಿದ್ದೆಯಲ್ಲಿ ನಡೆಯುವುದೂ ಹೆಚ್ಚಾಗಿ ಆಗಲೇ, ಮಲಗಿದ ಒಂದರಿಂದ ಮೂರು ಗಂಟೆಯೊಳಗೆ. ಆಗ ಮಿದುಳು ಪೂರ್ತಿ ಎಚ್ಚರಗೊಳ್ಳುವುದಿಲ್ಲ. ಕೈಕಾಲು ಆಡಿಸುವ ಭಾಗ ಎದ್ದಿರುತ್ತದೆ, ಯೋಚಿಸುವ, ನೆನಪಿಟ್ಟುಕೊಳ್ಳುವ ಭಾಗಗಳು ಇನ್ನೂ ನಿದ್ದೆಯಲ್ಲಿರುತ್ತವೆ. ಹಾಗಾಗಿ ಅವನಿಗೆ ಟ್ರಂಕಿನ ಚಿಲಕ ತೆಗೆಯಲು ಬರುತ್ತದೆ, ಯಾಕೆ ತೆಗೆದೆ ಎಂದು ಹೇಳಲು ಬರುವುದಿಲ್ಲ. ಇದು ನಾಟಕ ಖಂಡಿತ ಅಲ್ಲ.

ಆ ಹೊತ್ತಿನಲ್ಲಿ ಒಬ್ಬರೇ ಹತ್ತಿರ ಹೋಗಿ. ದೊಡ್ಡ ಲೈಟು ಬೇಡ, ಹೆಸರು ಹಿಡಿದು ಕೂಗುವುದು ಬೇಡ, ಮುಖಕ್ಕೆ ನೀರು ಎರಚುವುದಂತೂ ಬೇಡವೇ ಬೇಡ. ಎದುರಿನಿಂದ ಅಡ್ಡ ನಿಲ್ಲದೆ, ಹಿಂದಿನಿಂದ ತಬ್ಬಿ ಹಿಡಿಯದೆ, ಪಕ್ಕದಲ್ಲಿ ನಡೆಯುತ್ತ ಮೊಣಕೈ ಕೆಳಗೆ ಅಂಗೈ ಇಟ್ಟು ಮೆಲ್ಲಗೆ ಮಂಚದ ಕಡೆ ತಿರುಗಿಸಿ. ‘ಬಾ, ಮಲಗೋಣ’ ಅಷ್ಟೇ ಮಾತು ಸಾಕು. ಪ್ರಶ್ನೆ ಕೇಳಬೇಡಿ. ತಿರುಗದಿದ್ದರೆ ಜೊತೆಗೇ ಇದ್ದು ಕಾಯಿರಿ. ಸಾಮಾನ್ಯವಾಗಿ ಕೆಲವೇ ನಿಮಿಷದಲ್ಲಿ ಮುಗಿಯುತ್ತದೆ, ಅರ್ಧ ಗಂಟೆ ಹಿಡಿದರೂ ಗಾಬರಿ ಬೇಡ. ಎಬ್ಬಿಸಿದರೆ ಜೀವಕ್ಕೆ ಅಪಾಯ ಅನ್ನುವುದು ಸುಳ್ಳು. ಆದರೆ ಗಟ್ಟಿಯಾಗಿ ಹಿಡಿದು ಅಲುಗಾಡಿಸಿದರೆ ಎಲ್ಲಿದ್ದೇನೆಂದು ತಿಳಿಯದೆ ಬೆದರಿ ತಳ್ಳಬಹುದು. ಅದನ್ನು ಯಾರೂ ಮನಸ್ಸಿಗೆ ಹಚ್ಚಿಕೊಳ್ಳಬಾರದು.

ಹೊರಗಿನಿಂದ ಬೀಗ ಹಾಕಲೇಬೇಡಿ. ಬೆಂಕಿ ಬಿದ್ದರೆ 20 ಮಕ್ಕಳೂ ಒಳಗೇ ಸಿಕ್ಕಿಕೊಳ್ಳುತ್ತಾರೆ. ಬದಲಿಗೆ ಬಾಗಿಲು ತೆರೆದ ಕೂಡಲೇ ಸದ್ದು ಮಾಡುವ ಮ್ಯಾಗ್ನೆಟ್ ಅಲಾರಂ ಹಾಕಿ, ಸದ್ದು ಕಾವಲುಗಾರರ ಕೋಣೆಯಲ್ಲಿ ಕೇಳಲಿ. ಮಕ್ಕಳ ಕಿವಿಯ ಹತ್ತಿರ ಬೇಡ, ಗಾಢ ನಿದ್ದೆಯಲ್ಲಿ ಸದ್ದಾದರೂ ಹೀಗೆ ಎದ್ದು ನಡೆಯುವುದು ಶುರುವಾಗಬಹುದು. ತಾರಸಿಯ ಬಾಗಿಲಿಗೆ ಮಾತ್ರ ಬೀಗ ಇರಲಿ, ಕೀಲಿ ವಾರ್ಡನ್ ಬಳಿ. ಅಡುಗೆಮನೆ, ಸಂಪಿನ ಮುಚ್ಚಳ, ಕಿಟಕಿಯ ಸರಳು ನೋಡಿಕೊಳ್ಳಿ. ಎರಡಂತಸ್ತಿನ ಮಂಚವಾದರೆ ಅವನಿಗೆ ಕೆಳಗಿನದು. ಟ್ರಂಕುಗಳು ಮಂಚದಡಿ ಪೂರ್ತಿ ಒಳಗಿರಲಿ, ತಗಡಿನ ಮೂಲೆ ಮೊಣಕಾಲಿಗೆ ಬಡಿದರೆ ಚರ್ಮ ಸೀಳುತ್ತದೆ. ಆ ಸ್ಥಿತಿಯಲ್ಲಿ ಹಲವರಿಗೆ ನೋವೇ ಗೊತ್ತಾಗುವುದಿಲ್ಲ. ಅದಕ್ಕೇ ನಡೆದ ಮರುದಿನ ಬೆಳಿಗ್ಗೆ ಅಂಗಾಲು, ಮೊಣಕಾಲು, ಕೈಬೆರಳು ಒಮ್ಮೆ ನೋಡಿ.

ಶಾಲಾ ಆಪ್ತಸಮಾಲೋಚಕಿ:
ಮೇಲಿನದಕ್ಕೆ ಪೂರ್ತಿ ಒಪ್ಪಿಗೆ. ಆದರೆ ನನಗೆ ಹೆಚ್ಚು ಚಿಂತೆ ಇರುವುದು ಹಗಲಿನದು. ರಾತ್ರಿ ನಡೆದದ್ದು ಅವನಿಗೆ ಗೊತ್ತಾಗುವುದೇ ಬೇರೆಯವರ ಬಾಯಿಂದ, ಅದೂ ತಿಂಡಿ ಸಾಲಿನಲ್ಲಿ, ನಗುವಿನ ನಡುವೆ. ತನಗೆ ನೆನಪೇ ಇಲ್ಲದ್ದಕ್ಕೆ ಉತ್ತರ ಕೊಡು ಅಂದರೆ ಮಗು ಏನು ಹೇಳಬೇಕು? ನಾಚಿಕೆಯಿಂದ ಮಲಗಲು ಹೆದರುತ್ತಾನೆ, ತಡರಾತ್ರಿಯವರೆಗೆ ಎಚ್ಚರವಿರುತ್ತಾನೆ. ನಿದ್ದೆಗೆಟ್ಟ ಮೇಲೆ ಬರುವ ನಿದ್ದೆ ಇನ್ನೂ ಗಾಢ, ಆಗ ಎದ್ದು ನಡೆಯುವುದೂ ಹೆಚ್ಚು. ಗೇಲಿ ಮಾಡುವುದು ಕಾಯಿಲೆಯನ್ನೇ ಬೆಳೆಸುತ್ತದೆ ಅಂದರೆ ತಪ್ಪಲ್ಲ.

ಮೊದಲು ಅವನೊಬ್ಬನ ಹತ್ತಿರ ಮಾತಾಡಿ, ಉಳಿದವರಿಗೆ ಎಷ್ಟು ಹೇಳಬಹುದು ಎಂದು ಅವನನ್ನೇ ಕೇಳಿ. ಆಮೇಲೆ ಅವನ ಹೆಸರನ್ನು ದೊಡ್ಡದು ಮಾಡದೆ ಡಾರ್ಮಿಟರಿಗೆ ಹೇಳಿ: ನಿದ್ದೆ ಅರ್ಧ ಬಿಟ್ಟು ಅರ್ಧ ಉಳಿದಾಗ ಹೀಗಾಗುತ್ತದೆ, ತುಂಬ ಮಕ್ಕಳಿಗೆ ಇರುತ್ತದೆ, ಹೆಚ್ಚಿನವರಿಗೆ ದೊಡ್ಡವರಾಗುವಷ್ಟರಲ್ಲಿ ಹೋಗುತ್ತದೆ. ಯಾರಾದರೂ ಎದ್ದದ್ದು ಕಂಡರೆ ಮುಟ್ಟದೆ ವಾರ್ಡನ್ ಅವರನ್ನು ಕರೆಯಿರಿ. ಅಷ್ಟು ಸಾಕು, ಮಕ್ಕಳಿಗೆ ಒಂದು ಕೆಲಸ ಕೊಟ್ಟರೆ ಹೆದರಿಕೆ ತಾನಾಗಿ ಇಳಿಯುತ್ತದೆ. ಅಡ್ಡಹೆಸರು ಇಟ್ಟು ಕರೆಯುವುದನ್ನು ಮೊದಲ ದಿನವೇ ನಿಲ್ಲಿಸಿ. ಬೇರೆ ಕೋಣೆಗೆ ಒಬ್ಬನನ್ನೇ ಹಾಕಬೇಡಿ, ಅಲ್ಲಿ ಎದ್ದರೆ ನೋಡುವವರೇ ಇರುವುದಿಲ್ಲ. ಮೊಬೈಲಿನಲ್ಲಿ ವಿಡಿಯೊ ಮಾಡುವುದಾದರೆ ಮನೆಯವರ ಒಪ್ಪಿಗೆ ಪಡೆದು, ಡಾಕ್ಟರಿಗೆ ತೋರಿಸಲು ಮಾತ್ರ. ವಾಟ್ಸಾಪ್ ಗುಂಪಿಗೆ ಹೋಗಲೇಬಾರದು.

ವಾರ್ಡನ್, ವಸತಿ ಶಾಲೆ:
ತುಂಬ ಉಪಕಾರವಾಯಿತು. ಇನ್ನೊಂದು ವಿಷಯ. ಅಜ್ಜಿ ಬಂದು ತಾಯಿತ ಕಟ್ಟಿದ್ದಾರೆ, ಊರಿಗೆ ಕರೆದೊಯ್ದು ಒಂದು ರಾತ್ರಿ ದೇವಸ್ಥಾನದಲ್ಲಿ ಜಾಗರಣೆ ಮಾಡಿಸುತ್ತಾರಂತೆ. ಅವರಿಗೆ ಹೇಗೆ ಹೇಳುವುದು?

ಮಕ್ಕಳ ವೈದ್ಯ:
ತಾಯಿತದ ಬಗ್ಗೆ ವಾದ ಬೇಡ, ಇರಲಿ. ಜಾಗರಣೆ ಮಾತ್ರ ಬೇಡ ಅನ್ನಿ. ‘ಅಮ್ಮಾ, ಮಗು ನಿದ್ದೆಗೆಟ್ಟರೆ ಇದು ಜಾಸ್ತಿಯಾಗುತ್ತೆ, ಪೂಜೆ ಹಗಲಲ್ಲಿ ಮಾಡಿಸಿ’ ಅಂದರೆ ಅವರಿಗೂ ಒಪ್ಪಿಗೆಯಾಗುತ್ತದೆ. ಮೊಮ್ಮಗ ಹುಷಾರಾಗಲಿ ಅನ್ನುವುದೇ ಅವರ ಆಸೆ ತಾನೇ? ಹಾಗೆಯೇ ಅಪ್ಪನೋ ಅಮ್ಮನೋ ಚಿಕ್ಕಂದಿನಲ್ಲಿ ಹೀಗೆ ನಡೆಯುತ್ತಿದ್ದರೇ ಎಂದು ಅಜ್ಜಿಯನ್ನೇ ಕೇಳಿ. ಕೆನಡಾದ ಕ್ವಿಬೆಕ್‌ನಲ್ಲಿ ಮಕ್ಕಳನ್ನು ವರ್ಷಗಟ್ಟಲೆ ಗಮನಿಸಿ 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ತಂದೆತಾಯಿ ಇಬ್ಬರಿಗೂ ಇಲ್ಲದ ಮಕ್ಕಳಲ್ಲಿ ಸುಮಾರು 22%, ಒಬ್ಬರಿಗಿದ್ದರೆ 47%, ಇಬ್ಬರಿಗೂ ಇದ್ದರೆ 61% ಮಕ್ಕಳು ನಿದ್ದೆಯಲ್ಲಿ ನಡೆದಿದ್ದರು. ಮನೆತನದಲ್ಲೇ ಇದೆ ಎಂದು ಗೊತ್ತಾದರೆ ದೆವ್ವದ ಮಾತು ಅರ್ಧ ಕಡಿಮೆಯಾಗುತ್ತದೆ.

ಹಾಸ್ಟೆಲ್ ವೇಳಾಪಟ್ಟಿಯನ್ನೂ ನೋಡಿ. 12 ವರ್ಷದವನಿಗೆ ಕನಿಷ್ಠ 9 ಗಂಟೆ ನಿದ್ದೆ ಬೇಕು. 10ಕ್ಕೆ ಮಲಗಿಸಿ 5ಕ್ಕೆ ಎಬ್ಬಿಸುತ್ತಿದ್ದರೆ ದಿನಾ ಎರಡು ಗಂಟೆ ಸಾಲ. ಅವನನ್ನು 9ಕ್ಕೇ ಮಲಗಿಸಿ, 6ಕ್ಕೆ ಎಬ್ಬಿಸಿ, ಮಲಗುವ ಮುಂಚೆ ಮೂತ್ರಕ್ಕೆ ಕಳಿಸಿ. ಜ್ವರ ಬಂದ ರಾತ್ರಿ, ಪರೀಕ್ಷೆಯ ವಾರ, ರಜೆ ಮುಗಿಸಿ ದೂರದ ಬಸ್ಸಿನಲ್ಲಿ ಬಂದ ದಿನ ಹೆಚ್ಚು ಎಚ್ಚರವಾಗಿರಿ.

ಎರಡು ವಾರ ಒಂದು ನೋಟ್‌ಬುಕ್ಕಿನಲ್ಲಿ ಮಲಗಿದ ಹೊತ್ತು, ನಿದ್ದೆಯಲ್ಲಿ ಎದ್ದ ಹೊತ್ತು ಬರೆಯಿರಿ. ಬೇಗ ಮಲಗಿಸಿದರೆ ನಿದ್ದೆಯಲ್ಲಿ ಏಳುವುದೂ ಬೇಗ ಆಗುತ್ತದೆ. ಹೆಚ್ಚುಕಡಿಮೆ ಒಂದೇ ಹೊತ್ತಿಗೆ ಏಳುತ್ತಿದ್ದರೆ ಅದಕ್ಕೆ 15ರಿಂದ 20 ನಿಮಿಷ ಮೊದಲು ಮೆಲ್ಲಗೆ ಎಬ್ಬಿಸಿ, ಎರಡು ಮಾತು ಸ್ಪಷ್ಟವಾಗಿ ಆಡಿಸಿ, ಮತ್ತೆ ಮಲಗಿಸಿ. ಹೀಗೆ ಎರಡರಿಂದ ನಾಲ್ಕು ವಾರ ಪ್ರತಿ ರಾತ್ರಿ. ಒಂದು ದಿನ ಹೊತ್ತಿಗೆ ಮೊದಲು, ಒಂದು ದಿನ ಆಮೇಲೆ ಎಬ್ಬಿಸಿದರೆ ಉಪಯೋಗವಿಲ್ಲ. ನಡೆಯುವ ಹೊತ್ತು ದಿನಕ್ಕೊಂದಾದರೆ ಈ ಉಪಾಯ ಹಿಡಿಯುವುದಿಲ್ಲ.

ಗೊರಕೆ, ಗೊರಕೆಯ ನಡುವೆ ಉಸಿರು ನಿಂತು ಬರುವುದು, ಮಲಗುವಾಗ ಕಾಲು ಸುಮ್ಮನಿರದಿರುವುದು ಇದ್ದರೆ ನನ್ನಂಥವರಿಗೆ ತಪ್ಪದೆ ಹೇಳಿ. ಟಾನ್ಸಿಲ್ ಅಥವಾ ಅಡಿನಾಯ್ಡ್ (ಮೂಗಿನ ಹಿಂಭಾಗದ ಗ್ರಂಥಿ) ತೊಂದರೆಯನ್ನೋ ಕಬ್ಬಿಣದ ಕೊರತೆಯನ್ನೋ ಸರಿಮಾಡಿದರೆ ನಡೆಯುವುದೂ ಕಡಿಮೆಯಾಗಬಹುದು. ಒಂದೇ ರಾತ್ರಿ ಹಲವು ಸಲ, ಒಂದೆರಡು ನಿಮಿಷವಷ್ಟೇ, ಪ್ರತಿ ಸಲ ಅದೇ ಚಲನೆ, ಮೈ ಸೆಟೆದುಕೊಳ್ಳುವುದು ಕಂಡರೆ ಫಿಟ್ಸ್ ಇರಬಹುದು. ಆಗ ವಿಡಿಯೊ ಸಮೇತ ನರರೋಗ ತಜ್ಞರ ಬಳಿ ಹೋಗಿ, ಬೆಂಗಳೂರಿನ ನಿಮ್ಹಾನ್ಸ್‌ನಲ್ಲೂ ತೋರಿಸಬಹುದು. ಚೆನ್ನಾಗಿ ಮಲಗಲಿ ಎಂದು ಅಲರ್ಜಿ ಮಾತ್ರೆಯನ್ನೋ ಕೆಮ್ಮಿನ ಸಿರಪ್ಪನ್ನೋ ಕೊಡಬೇಡಿ. ಆ ನೋಟ್‌ಬುಕ್ಕನ್ನು ಡಾಕ್ಟರ ಹತ್ತಿರ ಹೋಗುವಾಗ ಜೊತೆಗೆ ಒಯ್ಯಿರಿ.