ಬಾದಾಮಿ ಸೈಕಲ್ ಟೂರ್‌ಗೆ ಯಾವ ಕ್ಯಾಮೆರಾ

ತಮ್ಮಾ, ನಿನ್ನೆ ರಾತ್ರಿ ಗ್ರೂಪಲ್ಲಿ ನೀನು ಕೇಳಿದ್ದೆ ನೋಡು, ಬಾದಾಮಿ, ಪಟ್ಟದಕಲ್ಲು, ಐಹೊಳೆಗೆ ಸೈಕಲ್ ಮೇಲೆ ಹೊರಟಿದ್ದೇನೆ ಕಾಕಾ, ಎರಡು ಲೆನ್ಸ್ ಇರೋ ಹಳೆ ಡಿಎಸ್ಎಲ್ಆರ್ (ಲೆನ್ಸ್ ಬದಲಿಸೋ ದೊಡ್ಡ ಕ್ಯಾಮೆರಾ) ಅಗ್ಗಕ್ಕೆ ಸಿಗ್ತಿದೆ, ತಗೊಳ್ಳಲಾ ಅಂತ. ಬೇಡ.

ನಾನೂ ಹಿಂದೆ ಅದನ್ನೇ ಮಾಡಿದ್ದೆ. ಕ್ಯಾಮೆರಾನ ಟವೆಲ್‌ನಲ್ಲಿ ಸುತ್ತಿ ಕ್ಯಾರಿಯರ್ ಬ್ಯಾಗಿನ ತಳಕ್ಕೆ ಹಾಕಿದ್ದೆ. ದಾರಿಯಲ್ಲಿ ಕುರಿ ಹಿಂಡು ಕಂಡರೆ ಇಳಿದು, ಸ್ಟ್ಯಾಂಡ್ ಹಾಕಿ, ಹಗ್ಗ ಬಿಚ್ಚಿ, ರೊಟ್ಟಿ ಗಂಟು ಸರಿಸುವಷ್ಟರಲ್ಲಿ ಕುರಿಗಳು ಮುಂದಿನ ಊರು ಸೇರಿರುತ್ತಿದ್ದವು. ಮೂರು ದಿನದಲ್ಲಿ ನಾಲ್ಕು ಸಲ ಹೊರಗೆ ತೆಗೆದಿದ್ದೇನೆ, ಅಷ್ಟೇ. ಅದರಲ್ಲೊಮ್ಮೆ ರಸ್ತೆ ಬದಿ ಲೆನ್ಸ್ ಬದಲಿಸುವಾಗ ಲಾರಿ ಹೋಯ್ತು, ಧೂಳು ಒಳಗೆ ಹೊಕ್ಕಿತು. ಆಮೇಲಿನ ಫೋಟೋಗಳ ಆಕಾಶದಲ್ಲೆಲ್ಲ ಒಂದೇ ಜಾಗದಲ್ಲಿ ಕರಿ ಚುಕ್ಕಿ. ನಿಮ್ಮ ಕಾಕು ನೋಡಿ, "ಹದ್ದು ಚೆಂದ ಬಂದಿದೆ" ಅಂದಳು.

ಸೈಕಲ್ ಮೇಲಿನ ಕ್ಯಾಮೆರಾ ಹ್ಯಾಂಡಲ್ ಬ್ಯಾಗಿನಲ್ಲಿ ಕೂರಬೇಕು, ಒಂದೇ ಕೈಗೆ ಬರಬೇಕು. ನನ್ನ ಕೇಳಿದರೆ ಸೋನಿ ಆರ್‌ಎಕ್ಸ್100 ಮಾರ್ಕ್ 3, ಸೆಕೆಂಡ್ ಹ್ಯಾಂಡ್. 2014ರದ್ದು, 290 ಗ್ರಾಂ. ಒಂದಿಂಚು ಸೆನ್ಸರ್ (ಬೆಳಕು ಹಿಡಿಯೋ ಚಿಪ್) ಅಂತಾರೆ, ಅಳೆದರೆ 13.2×8.8 ಮಿಮೀ ಅಷ್ಟೇ! ಆದರೂ ಸಾದಾ ಪಾಕೆಟ್ ಕ್ಯಾಮೆರಾದ ಸೆನ್ಸರಿಗಿಂತ ಸುಮಾರು ನಾಲ್ಕು ಪಟ್ಟು ದೊಡ್ಡದು. ಬಾದಾಮಿಯ ಮೂರನೇ ಗುಹೆಯಲ್ಲಿ ಅದರ ಬೆಲೆ ಗೊತ್ತಾಗುತ್ತೆ. 578ರಲ್ಲಿ ಕೊರೆದದ್ದು, ಒಳಗೆ ಹೋದಷ್ಟೂ ಕತ್ತಲು. ಅನುಮತಿ ಇಲ್ಲದೆ ಟ್ರೈಪಾಡ್ ಬಿಡೋದಿಲ್ಲ. ಝೂಮ್ ಮಾಡದೆ ಲೆನ್ಸನ್ನು ಎಫ್ 1.8ಕ್ಕೆ, ಅಂದ್ರೆ ಪೂರ್ತಿ ತೆರೆದು ಇಡು, ಮೊಣಕೈ ಪಕ್ಕೆಗೆ ಒತ್ತಿ ಉಸಿರು ಹಿಡಿದು ತೆಗೆ. ಮಧ್ಯಾಹ್ನದ ಬಿಸಿಲಲ್ಲಿ ಸ್ಕ್ರೀನ್ ಕಾಣಲ್ಲ ಅಲ್ವಾ, ಇದರಲ್ಲಿ ಮೇಲೇಳುವ ವ್ಯೂಫೈಂಡರ್, ಅಂದ್ರೆ ಕಣ್ಣಿಟ್ಟು ನೋಡೋ ಕಿಂಡಿ ಇದೆ. ಪವರ್ ಬ್ಯಾಂಕಿನಿಂದಲೂ ಚಾರ್ಜ್ ಆಗುತ್ತೆ.

ಒಂದೇ ತೊಂದರೆ, ಇದರ ಲೆನ್ಸ್ ಹೊರಗೆ ಚಾಚುತ್ತೆ. ಧೂಳು ಆ ಸಂದಿಯಲ್ಲೇ ಹೋಗೋದು. ಜಿಪ್ ಕವರಿನಲ್ಲಿ ಇಡು. ಮಳೆಗಾಲದಲ್ಲಿ ಗೋಕಾಕ ಫಾಲ್ಸ್ ಕಡೆ ಹೋಗೋದೇ ಜಾಸ್ತಿ ಅಂದ್ರೆ ಮಾತ್ರ ಒಲಿಂಪಸ್ ಟಿಜಿ-6 ನೋಡು. 15 ಮೀಟರ್ ನೀರಲ್ಲಿ ಮುಳುಗಿದರೂ ನಡೆಯುತ್ತೆ, ಲೆನ್ಸ್ ಹೊರಗೆ ಬರಲ್ಲ. ಗುಹೆಯಲ್ಲಿ ಮಾತ್ರ ಸೋಲುತ್ತೆ.

ಇನ್ನೊಂದು, ಹ್ಯಾಂಡಲ್ ಬ್ಯಾಗಿನಲ್ಲಿ ಬಾಳೆಹಣ್ಣು ಇಡಬೇಡ. ಬಾದಾಮಿ ಮಂಗಗಳಿಗೆ ಜಿಪ್ ತೆಗೆಯೋಕೆ ಬರುತ್ತೆ.

ಹಳೇದು ಕೊಳ್ಳುವಾಗ ಝೂಮ್ ಹತ್ತು ಸಲ ಆಡಿಸಿ ನೋಡು, ಕರಕರ ಸದ್ದು ಬಂದರೆ ಬಿಟ್ಟುಬಿಡು. ಲೆನ್ಸಿನ ಕಿಂಡಿ ಕಿರಿದು ಮಾಡಿ ಎಫ್ 11ಕ್ಕೆ ಇಟ್ಟು ಬಿಳಿ ಗೋಡೆ ಫೋಟೋ ತೆಗೆದು ನನಗೆ ಕಳಿಸು. ಅದರಲ್ಲಿ ಹದ್ದು ಇಲ್ಲದಿದ್ದರೆ ದುಡ್ಡು ಕೊಡು.