ಮಗಳ ಬೆನ್ನುಮೂಳೆ ಸೊಟ್ಟ ಅಂದಿದ್ದಾರೆ, ಬೆಲ್ಟ್ ಹಾಕಿಸಲೇಬೇಕಾ?

ಪ್ರಶ್ನೆ (ಒಬ್ಬ ತಾಯಿ, ಮದ್ದೂರು ಹತ್ತಿರ):
ನಮಸ್ಕಾರ ಮೇಡಂ. ಮಗಳಿಗೆ 13 ವರ್ಷ, ಇನ್ನೂ ಮೈನೆರೆದಿಲ್ಲ. ಯುಗಾದಿಗೆ ಲಂಗ ಹೊಲಿಸೋಕೆ ಹೋದಾಗ ಟೈಲರ್ ಅಕ್ಕ, "ಹುಡುಗಿ ನೆಟ್ಟಗೆ ನಿಂತರೂ ಅಂಚು ಒಂದು ಕಡೆ ಮೇಲೇರ್ತದೆ, ಡಾಕ್ಟರಿಗೆ ತೋರಿಸಿ" ಅಂದರು. ಮಂಡ್ಯದಲ್ಲಿ ಎಕ್ಸ್‌ರೇ ತೆಗೆಸಿದೆವು. ಸ್ಕೋಲಿಯೋಸಿಸ್, 28 ಡಿಗ್ರಿ, ರಿಸ್ಸರ್ 1 ಅಂತ ಬರೆದಿದ್ದಾರೆ. ದಿನಕ್ಕೆ 18 ಗಂಟೆ ಬೆಲ್ಟ್ ಹಾಕಬೇಕಂತೆ. ನಮ್ಮತ್ತೆ, ನಾಟಿ ವೈದ್ಯರ ಹತ್ರ ಎಣ್ಣೆ ತಿಕ್ಕಿಸಿದರೆ ಸಾಕು, ಯಾರಿಗೂ ಹೇಳಬೇಡಿ, ನಾಳೆ ಗಂಡು ಸಿಗಲ್ಲ ಅಂತಾರೆ. ಶಾಲೇಲಿ ಇಬ್ಬರು ಆಗಲೇ "ಮಂಥರೆ" ಅಂದರಂತೆ, ಬಂದು ಅತ್ತಳು. ಭಾರದ ಬ್ಯಾಗನ್ನ ಒಂದೇ ಹೆಗಲಿಗೆ ಹಾಕ್ಕೊಂಡು ಹೋಗ್ತಿದ್ದಳು, ಅದಕ್ಕೇ ಹೀಗಾಯ್ತಾ? ಭರತನಾಟ್ಯ ಬಿಡಿಸಬೇಕಾ? ನಾನೇ ನೋಡಲಿಲ್ಲವಲ್ಲ ಅಂತ ನಿದ್ದೆ ಬರ್ತಿಲ್ಲ.

ಉತ್ತರ (ಫಿಸಿಯೋಥೆರಪಿಸ್ಟ್, ಮೈಸೂರು):
ಅಮ್ಮ, ಮೊದಲು ನಿದ್ದೆ ಮಾಡಿ. ಇದು ನಿಮ್ಮ ತಪ್ಪಲ್ಲ, ಬ್ಯಾಗಿನ ತಪ್ಪೂ ಅಲ್ಲ. ಭಾರದ ಬ್ಯಾಗಿನಿಂದ ಬೆನ್ನು ನೋಯಬಹುದು, ಮೂಳೆ ಹೀಗೆ ತಿರುಚಿಕೊಳ್ಳುವುದಿಲ್ಲ. ಹತ್ತು ವರ್ಷ ದಾಟಿದ ಮಕ್ಕಳಲ್ಲಿ ಕಾಣುವ ಸ್ಕೋಲಿಯೋಸಿಸ್‌ಗೆ ಹೆಚ್ಚಿನ ಪಾಲು ಇಂಥದ್ದೇ ಕಾರಣ ಅಂತ ಇರುವುದಿಲ್ಲ. ಕೆಲವು ಮನೆತನಗಳಲ್ಲಿ ಒಬ್ಬರಿಗಿಂತ ಹೆಚ್ಚು ಜನರಿಗೆ ಬರುವುದುಂಟು. ನೂರು ಮಕ್ಕಳಲ್ಲಿ ಇಬ್ಬರು ಮೂವರಿಗೆ ಇರುತ್ತದೆ. ನೋವಿಲ್ಲದೆ ಬೆಳೆಯುವುದರಿಂದ, ಮೈತುಂಬ ಬಟ್ಟೆ ತೊಡುವ ವಯಸ್ಸಿನಲ್ಲಿ ಅಮ್ಮಂದಿರ ಕಣ್ಣಿಗೂ ಬೀಳುವುದಿಲ್ಲ. ನಿಮ್ಮ ಟೈಲರ್ ಅಕ್ಕನಿಗೆ ನನ್ನದೊಂದು ನಮಸ್ಕಾರ ಹೇಳಿ.

ಇನ್ನು ಡಿಗ್ರಿ. ಎಕ್ಸ್‌ರೇಯಲ್ಲಿ ವಾರೆಯನ್ನು ಅಳೆಯುವ ಲೆಕ್ಕಕ್ಕೆ ಕಾಬ್ ಕೋನ ಅನ್ನುತ್ತಾರೆ. 10 ಡಿಗ್ರಿ ಮುಟ್ಟಿದರೆ ಸ್ಕೋಲಿಯೋಸಿಸ್. 25ರ ಒಳಗಿದ್ದರೆ ಸಾಮಾನ್ಯವಾಗಿ ಕೆಲವು ತಿಂಗಳಿಗೊಮ್ಮೆ ನೋಡುತ್ತಾ ಇರುತ್ತೇವೆ. 25ರಿಂದ 40ರ ಆಸುಪಾಸು ಇದ್ದು ಮಗು ಇನ್ನೂ ಬೆಳೆಯುತ್ತಿದ್ದರೆ ಬ್ರೇಸ್, ಅಂದರೆ ನೀವು ಹೇಳಿದ ಬೆಲ್ಟ್. 50ರ ಹತ್ತಿರ ಹೋದರೆ ಆಪರೇಷನ್ ಮಾತು ಬರುತ್ತದೆ. ರಿಸ್ಸರ್ ಅನ್ನುವುದು ಸೊಂಟದ ಮೂಳೆ ನೋಡಿ ಬೆಳವಣಿಗೆ ಎಷ್ಟು ಬಾಕಿ ಇದೆ ಅಂತ ಹೇಳುವ ಅಂಕಿ, 0ಯಿಂದ 5ರವರೆಗೆ. ನಿಮ್ಮ ಮಗಳದು 1, ಮೈನೆರೆದೂ ಇಲ್ಲ. ಅಂದರೆ ಅವಳು ಸರಸರನೆ ಎತ್ತರವಾಗುವ ಕಾಲ ಇದೇ, ವಾರೆಯೂ ಜೋರಾಗಿ ಏರುವ ಕಾಲ ಇದೇ. ಎಣ್ಣೆ ತಿಕ್ಕಿಸಿ ನೋಡೋಣ ಅಂತ ಒಂದು ವರ್ಷ ಕಳೆದರೆ ಆ ವರ್ಷ ವಾಪಸ್ ಬರುವುದಿಲ್ಲ, ನನ್ನ ಆತಂಕವೆಲ್ಲ ಇಷ್ಟೇ. ಅತ್ತೆಯವರಿಗೆ ಮೊಮ್ಮಗಳ ಮೇಲೆ ಪ್ರೀತಿ ಇದ್ದೇ ಆ ಮಾತು ಬಂದಿದೆ, ಜಗಳ ಬೇಡ. ಎಕ್ಸ್‌ರೇ ಫಿಲ್ಮನ್ನು ಬೆಳಕಿಗೆ ಹಿಡಿದು ಅವರಿಗೂ ತೋರಿಸಿ.

ಬೆಲ್ಟ್ ಅಂದರೆ ಮೆಡಿಕಲ್ ಶಾಪಿನ ಸೊಂಟದ ಪಟ್ಟಿ ಅಲ್ಲ. ಅವಳ ಮೈಯ ಅಳತೆಗೆ ಅಂತಲೇ ಮಾಡುವ ಗಟ್ಟಿ ಪ್ಲಾಸ್ಟಿಕ್ ಕವಚ. ಇದ್ದ ವಾರೆಯನ್ನು ನೇರ ಮಾಡುವುದು ಅದರ ಕೆಲಸವಲ್ಲ, ಮುಂದೆ ಏರದಂತೆ ತಡೆಯುವುದು. 2013ರಲ್ಲಿ ಅಮೆರಿಕ, ಕೆನಡಾದ ಮಕ್ಕಳ ಮೇಲಿನ ದೊಡ್ಡ ಅಧ್ಯಯನದ ಫಲ ಹೊರಬಂತು. ಬ್ರೇಸ್ ಹಾಕಿದ ಗುಂಪಿನಲ್ಲಿ ನೂರಕ್ಕೆ 72 ಮಕ್ಕಳು ಬೆಳವಣಿಗೆ ಮುಗಿಯುವವರೆಗೂ 50 ಡಿಗ್ರಿ ಮುಟ್ಟಲಿಲ್ಲ, ಹಾಕದವರಲ್ಲಿ 48. ದಿನಕ್ಕೆ 13 ಗಂಟೆಗಿಂತ ಹೆಚ್ಚು ಹಾಕಿದವರಲ್ಲಿ 90 ದಾಟಿತು. ಗಂಟೆಗೆ ಬೆಲೆ ಇದೆ ಅಮ್ಮ, ಹಾಗಾಗಿ ಹಾಕುವವಳ ಮನಸ್ಸೂ ಮುಖ್ಯ. ಅವಳನ್ನು ಕೂರಿಸಿಕೊಂಡು ಮಾತಾಡಿ.

ನಾಟ್ಯ ಬಿಡಿಸಬೇಡಿ. ಆ ಹೊತ್ತು ಬ್ರೇಸ್ ಬಿಚ್ಚಿಡಲಿ. ಓಟಗಾರ ಉಸೇನ್ ಬೋಲ್ಟ್‌ಗೂ ಸ್ಕೋಲಿಯೋಸಿಸ್ ಇದೆ ಅಂತ ಅವಳಿಗೆ ಹೇಳಿ. ಮದುವೆ, ಬಸಿರು, ಬಾಣಂತನ ಯಾವುದಕ್ಕೂ ಈ 28 ಡಿಗ್ರಿ ಅಡ್ಡಿಯಲ್ಲ. ಆ "ಮಂಥರೆ" ಮಾತನ್ನು ಮಾತ್ರ ಸುಮ್ಮನೆ ಬಿಡಬೇಡಿ, ಕ್ಲಾಸ್ ಟೀಚರ್ ಹತ್ತಿರ ಹೋಗಿ.

ಪ್ರತಿಕ್ರಿಯೆ (ಡಿಗ್ರಿ ವಿದ್ಯಾರ್ಥಿನಿ, ಮೈಸೂರು):
ಆಂಟಿ, ನನ್ನದು ಗೊತ್ತಾದಾಗ 15 ವರ್ಷ, ಆಗಲೇ 52 ಡಿಗ್ರಿ. ಬ್ರೇಸ್ ಹಾಕುವ ಕಾಲ ಮುಗಿದಿತ್ತು. ಬೆನ್ನಲ್ಲಿ ಎರಡು ರಾಡ್ ಇವೆ, ಐದು ವರ್ಷವಾಯ್ತು. ಈಗ ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತುತ್ತೇನೆ. ನಮ್ಮ ಮನೆಯಲ್ಲೂ ಮುಚ್ಚಿಟ್ಟರು. ಮೂರು ವರ್ಷ ದುಪಟ್ಟಾ ಹೊದ್ದುಕೊಂಡೇ ಇದ್ದೆ, ಆಪರೇಷನ್‌ಗಿಂತ ಅದೇ ಹೆಚ್ಚು ನೋವು ಕೊಟ್ಟಿದ್ದು. ಜೂನ್ ಕೊನೇ ಶನಿವಾರ ಸ್ಕೋಲಿಯೋಸಿಸ್ ಜಾಗೃತಿ ದಿನ. ನಾವು ನಾಲ್ಕು ಜನ ಹಾಸ್ಟೆಲ್ ಹುಡುಗಿಯರಿಗೆ ಪರೀಕ್ಷೆ ಮಾಡೋದು ತೋರಿಸ್ತೀವಿ: ಕಾಲು ಜೋಡಿಸಿ, ಮಂಡಿ ಬಗ್ಗಿಸದೆ, ಅಂಗೈ ಸೇರಿಸಿ ಮುಂದಕ್ಕೆ ಬಾಗೋದು, ಹಿಂದೆ ನಿಂತವರು ಪಕ್ಕೆ ಒಂದು ಕಡೆ ಉಬ್ಬಿದೆಯಾ ನೋಡೋದು. ಒಂದು ನಿಮಿಷ ಸಾಕು. ನಿಮ್ಮ ಮಗಳು ಮಾತಾಡ್ತೀನಿ ಅಂದರೆ ನಾನಿದ್ದೀನಿ.

ತಾಯಿ:
ನಿನಗೆ ಒಳ್ಳೇದಾಗಲಿ ಮಗಳೇ. ಮೇಡಂ, ಈ ಸೆಕೇಲಿ 18 ಗಂಟೆ ಹೇಗೆ ಹಾಕ್ಕೊಳ್ತಾಳೆ? ಚಿಕ್ಕವಳು 10 ವರ್ಷದವಳಿದ್ದಾಳೆ, ಅವಳನ್ನೂ ತೋರಿಸಬೇಕಾ?

ಉತ್ತರ (ಫಿಸಿಯೋಥೆರಪಿಸ್ಟ್, ಮೈಸೂರು):
ಚಿಕ್ಕವಳನ್ನು ಇವತ್ತೇ ಬಾಗಿಸಿ ನೋಡಿ, ಮುಂದೆಯೂ ಆರು ತಿಂಗಳಿಗೊಮ್ಮೆ. ಉಬ್ಬು ಕಂಡರೆ ಡಾಕ್ಟರ್ ಹತ್ತಿರ ಹೋಗಿ. ಬ್ರೇಸ್ ಒಳಗೆ ತೆಳುವಾದ, ಮೈಗಂಟುವ ಹತ್ತಿ ಬನಿಯನ್ ಇರಲಿ, ಬೆವರಿದಾಗ ಬದಲಿಸಲಿ. ಎಣ್ಣೆ, ಕ್ರೀಮ್ ಬೇಡ, ಚರ್ಮ ಮೆತ್ತಗಾಗಿ ಹುಣ್ಣಾಗುತ್ತದೆ. ಬಿಚ್ಚಿದಾಗ ಕೆಂಪು ಗುರುತು ಅರ್ಧ ಗಂಟೆಯಲ್ಲಿ ಹೋಗಬೇಕು, ಹೋಗದಿದ್ದರೆ ಬ್ರೇಸ್ ಮಾಡಿದವರ ಹತ್ತಿರ ತೆಗೆದುಕೊಂಡು ಹೋಗಿ ಸರಿಮಾಡಿಸಿ. ಮೊದಲ ದಿನವೇ 18 ಗಂಟೆ ಬೇಡ, ದಿನಕ್ಕಿಷ್ಟು ಅಂತ ಏರಿಸಿ. ರಾತ್ರಿ ನಿದ್ದೆಯದ್ದೇ ಎಂಟು ಗಂಟೆ ಸಿಗುತ್ತದೆ.

ತಾಯಿ:
ಚಿಕ್ಕವಳ ಬೆನ್ನು ಸಮ ಇದೆ ಮೇಡಂ. ದೊಡ್ಡವಳು ಆ ಅಕ್ಕನ ಜೊತೆ ಒಂದು ಗಂಟೆ ಫೋನಲ್ಲಿ ಮಾತಾಡಿದಳು. ಸೋಮವಾರ ಅಳತೆ ಕೊಡೋಕೆ ಮೈಸೂರಿಗೆ ಬರ್ತಿದೀವಿ, ಅತ್ತೆನೂ ಬರ್ತಾರಂತೆ. ಟೈಲರ್ ಅಕ್ಕ ಬ್ರೇಸ್ ಮೇಲೆ ಕೂರೋ ಹಾಗೆ ಯೂನಿಫಾರ್ಮ್ ಸಡಿಲ ಮಾಡಿಕೊಡ್ತೀನಿ ಅಂದಿದ್ದಾರೆ.