ಉದ್ದ ಮೂತಿಯ ಎಂಜಿನ್ ಎಣ್ಣೆ ಡಬ್ಬಿ: ಮೂರು ಸಲ ಬೆಸುಗೆ ಹಾಕಿದ್ರೂ ಸೋರ್ತಾ ಐತಿ

ತಗಡು_ಬಳ್ಳಾರಿ:
ನಮ್ಮ ತಾತ ಉಗಿ ಎಂಜಿನ್‌ನಾಗ ಫೈರ್‌ಮನ್ ಇದ್ರು. ಅವರ ಎಣ್ಣೆ ಡಬ್ಬಿ ಅಟ್ಟದ ಮೇಲೆ ಸಿಕ್ತು. ಕೈಯಿಂದ ಮಾಡಿದ್ದು, ತವರದ ಕಲಾಯಿ ತಗಡು, ಡಬ್ಬಿಯ ಹೆಗಲಿಂದ ಹೊರಟ ಮೂತಿನೇ ಒಂದು ಮೊಳ. ನನ್ನ ಪುಟ್ಟ ಉಗಿ ಎಂಜಿನ್‌ಗೆ ಇದರಲ್ಲೇ ಎಣ್ಣೆ ಬಿಡಬೇಕಂತ ಆಸೆ. ನೆಟ್ಟಗ ಇಟ್ರೆ ಹನಿ ಸೋರಲ್ಲ, ಬಗ್ಗಿಸಿದ್ರೆ ಮೂತಿ ಬುಡದಿಂದ ಕೈಮೇಲೆ ಹರಿಯುತ್ತೆ. ಗ್ಯಾಸ್ ಟಾರ್ಚ್ ಹಿಡಿದು, ರೇಡಿಯೋ ರಿಪೇರಿಯ ಪೇಸ್ಟ್ ಸವರಿ ಬೆಸುಗೆ ಹಾಕೀನಿ. ಉಂಡೆಗಟ್ಟಿ ಉದುರುತ್ತೆ. ಮುಚ್ಚಳಕ್ಕೆ ರಬ್ಬರ್ ವಾಷರ್ ಕೂಡ ಹಾಕಿದೆ, ಈಗ ಎಣ್ಣೆ ಗುಳುಕ್ ಗುಳುಕ್ ಅಂತ ತಡೆದು ತಡೆದು ಬೀಳುತ್ತೆ.

ಕೊಪ್ಪಳದ_ಹುಡುಗ:
ಎಪಾಕ್ಸಿ ಅಂಟು ಮೆತ್ತಿಬಿಡ್ರಿ ಅಣ್ಣಾ, ಹತ್ತು ನಿಮಿಷದ ಕೆಲಸ.

ಹಳೆ_ಶೆಡ್_ರಾಯಚೂರು:
ಎಪಾಕ್ಸಿ ಬ್ಯಾಡಪ್ಪಾ. ಒಮ್ಮೆ ಮೆತ್ತಿದ್ರ ಆಮ್ಯಾಲೆ ಅಲ್ಲಿ ಬೆಸುಗೆ ಹಿಡಿಯಂಗಿಲ್ಲ.

ತಮ್ಮಾ ಬಳ್ಳಾರಿ, ಮೊದಲು ಟಾರ್ಚ್ ಕೆಳಗಿಡು. ಒಳಗ ಎಣ್ಣೆ ಆವಿ ಇರೋ ಡಬ್ಬಿಗೆ ಬೆಂಕಿ ತೋರ್ಸೋದು ಹುಡುಗಾಟ ಅಲ್ಲ. ಅದೂ ಅಲ್ದ ತವರ 232 ಡಿಗ್ರಿಗೆ ಕರಗ್ತದ, ನಿನ್ನ ಬೆಸುಗೆ 190ರ ಆಸುಪಾಸಿಗೇ. ಟಾರ್ಚಿನ ಉರಿ ಎರಡನ್ನೂ ದಾಟಿ ಹೋಗಿ ಕಲಾಯಿನೇ ಸುಟ್ಟು ಕರ್ರಗ ಮಾಡ್ತದ. ಸುಟ್ಟ ತಗಡಿಗೆ ಬೆಸುಗೆ ಹತ್ತೋದಿಲ್ಲ, ಅದಕ್ಕ ಉಂಡೆ.

ಈಗ ಸೋರೋ ಜಾಗ ಹುಡುಕು. ಬುಡದ ಸುತ್ತ ಹೊರಗ ಸೀಮೆಸುಣ್ಣ ತಿಕ್ಕು, ಒಳಗ ಸೀಮೆಎಣ್ಣೆ ಹಾಕಿ ಬಗ್ಗಿಸಿ ಹಿಡಿ. ಸೀಮೆಎಣ್ಣೆ ಕೂದಲಷ್ಟು ಸಂದ್ಯಾಗೂ ನುಸುಳ್ತದ, ಸುಣ್ಣದ ಮ್ಯಾಲೆ ಒದ್ದಿ ಗೆರಿ ಬರ್ತದ. ಇನ್ನೊಂದು: ಮೂತಿ ನಡುವ ಎಲ್ಲೆರ ಬೂದು ಕಲೆ ಐತೇನು?

ತಗಡು_ಬಳ್ಳಾರಿ:
ಐತ್ರಿ! ಮೂತಿ ಕೆಳಗ ಒಂದು, ಡಬ್ಬಿ ಮೈಮೇಲೆ ಎದುರಿಗೆ ಇನ್ನೊಂದು. ತುಕ್ಕು ಅಂದ್ಕೊಂಡಿದ್ದೆ. ಸುಣ್ಣದಾಗ ಗೆರೆ ಬಂದದ್ದು ಬುಡದ ಮೇಲ್ಭಾಗದಾಗ, ಒಂದು ಅಂಗುಲದ ಬಿರುಕು.

ಹಳೆ_ಶೆಡ್_ರಾಯಚೂರು:
ಅದು ತುಕ್ಕಲ್ಲ, ಹಳೆ ಬೆಸುಗೆ ಗುರುತು. ಅಲ್ಲಿ ಮೂತಿನ ಡಬ್ಬಿ ಮೈಗೆ ಆನಿಸಿ ಹಿಡಿಯೋ ತಗಡಿನ ಪಟ್ಟಿ ಇತ್ತು, ಬಿದ್ದುಹೋಗ್ಯದ. ಗಾಲಿ ನಡುವ, ಕಡ್ಡಿಗಳ ಸಂದ್ಯಾಗ ಕೈ ಮುಟ್ಟದ ಕೀಲಿಗೆ ಎಣ್ಣೆ ಬಿಡಬೇಕಂತ ಮೂತಿ ಅಷ್ಟುದ್ದ. ತುದಿ ಎಲ್ಲೆರ ತಾಗಿದ್ರ ಪೂರಾ ಜಗ್ಗಾಟ ಬುಡದ ಮ್ಯಾಲೇ. ಬೆಸುಗೆ ಸಂದಿ ಮುಚ್ಚೋದಕ್ಕ ಅದ, ಭಾರ ಹೊರೋದು ತಗಡು ಮಡಚಿದ ಅಂಚು ಮತ್ತ ಆ ಪಟ್ಟಿ. ಪಟ್ಟಿ ಇಲ್ದ ನೀ ಇನ್ನೂ ಹತ್ತು ಸಲ ಬೆಸುಗೆ ಹಾಕಿದ್ರೂ ಬಿಡ್ತದ.

ಬಿಸಿನೀರು, ವಾಷಿಂಗ್ ಸೋಡಾ ಹಾಕಿ ಜಿಡ್ಡು ಪೂರಾ ತೆಗಿ (ಕಾಸ್ಟಿಕ್ ಬ್ಯಾಡ, ಕಲಾಯಿ ತಿಂತದ). ಕರ್ರಗಾದದ್ದು ಎಮರಿ ಕಾಗದದಿಂದ ತಿಕ್ಕು. ಆ ಪೇಸ್ಟ್ ಬದಲು ಜಿಂಕ್ ಕ್ಲೋರೈಡ್ (ಬೆಸುಗೆ ಹತ್ತಿಸೋ ಆಸಿಡ್ಡು) ಸವರಿ, 100 ವ್ಯಾಟಿನ ದಪ್ಪ ತಾಮ್ರದ ತಲೆಯ ಬೆಸುಗೆ ಐರನ್ ಇಟ್ಟು, ತಗಡು ಕಾದು ತಾನೇ ಬೆಸುಗೆ ಹೀರ್ಕೊಳ್ಳೋ ತನಕ ಕಾಯಿ. ಮೊದಲು ಪಟ್ಟಿ, ಆಮ್ಯಾಲೆ ಬಿರುಕು. ಮುಗಿದ ಮ್ಯಾಲೆ ಅಡಿಗೆ ಸೋಡಾ ನೀರಿನಾಗ ತೊಳಿ, ಇಲ್ಲಾಂದ್ರ ಆ ಆಸಿಡ್ಡೇ ತುಕ್ಕು ತರ್ತದ.

ಗುಳುಕ್ ಗುಳುಕ್ ನಿನ್ನ ವಾಷರ್ ಮಾಡಿದ್ದು. ಗಾಳಿ ಒಳಗ ಹೋಗದ ಎಣ್ಣೆ ಹೆಂಗ ಹೊರಗ ಬಂದೀತು? ಮುಚ್ಚಳದಾಗ ಸೂಜಿ ತೂತು ಇದ್ದೇ ಇರ್ತದ, ನೋಡು.

ನಮ್ಮೂರಾಗ 1871ರಾಗ ಬೊಂಬಾಯಿ ಹಳಿ, ಮದರಾಸು ಹಳಿ ಬಂದು ಕೂಡಿದ್ವು. ಇಂಥ ಡಬ್ಬಿ ಇನ್ನೂ ಎಷ್ಟು ಮನ್ಯಾಗ ಅಕ್ಕಿ ಅಳೀಲಿಕತ್ತಾವೋ!

ಕೊಪ್ಪಳದ_ಹುಡುಗ:
ಎಪಾಕ್ಸಿ ಮಾತು ವಾಪಸ್. ಆದ್ರೆ ಅಣ್ಣಾ, ಸಿಲಿಂಡರ್‌ಗೆ ಬೈಕಿನ ಎಣ್ಣೆ ಬಿಡಬೇಡ್ರಿ, ಹಸಿ ಉಗಿ ತೊಳ್ಕೊಂಡು ಹೋಗುತ್ತೆ. ಸ್ಟೀಮ್ ಸಿಲಿಂಡರ್ ಆಯಿಲ್ಲೇ ಬೇಕು. ಅದು ಕಾಕಂಬಿಯಷ್ಟು ಗಟ್ಟಿ, ಡಬ್ಬಿನ ಬಿಸಿನೀರಿನಾಗ ಇಟ್ಟು ಹಾಕ್ರಿ. ಡ್ರೈವರುಗಳು ಒಲೆ ಬಾಗಿಲ ಮೇಲಿನ ತಟ್ಟೆಯಲ್ಲಿ ಡಬ್ಬಿ ಇಡ್ತಿದ್ದದ್ದು ಅದಕ್ಕೇ.

ತಗಡು_ಬಳ್ಳಾರಿ:
ಮುಗೀತ್ರಿ. ತುಪ್ಪದ ಡಬ್ಬದ ತಗಡು ಕತ್ತರಿಸಿ ಪಟ್ಟಿ ಮಾಡಿದೆ, ಹಳೆ ಕಲೆಗಳ ಮೇಲೇ ಸರಿಯಾಗಿ ಕೂತ್ತು. ಬೆಸುಗೆ ಈ ಸಲ ನೀರಿನಂಗ ಹರೀತು. ರಾತ್ರಿಯೆಲ್ಲ ಸೀಮೆಎಣ್ಣೆ ತುಂಬಿ ಪೇಪರ್ ಮೇಲೆ ಅಡ್ಡ ಮಲಗಿಸಿದ್ದೆ, ಮೂತಿ ತುದಿಗೆ ಬೆಂಡು ಹಾಕಿ. ಪೇಪರ್ ಒಣಗೇ ಐತಿ. ತೂತು ಮುಚ್ಚಳದಾಗೇ ಇತ್ತು, ಯಾರೋ ಬಣ್ಣ ಬಳಿದು ಮುಚ್ಚಿದ್ರು.